ಕಾಡೊಳಗಿನ ಡೇರೆ

ನೀವು ಹೊಟ್ಟೆಯ ಮೇಲೆ ತೆವಳುತ್ತಿದ್ದೀರಿ. ಸುತ್ತ ಒತ್ತಾಗಿ ಬೆಳೆದ ಗಾಂಜಾ ಗಿಡಗಳು. ಎಲೆಗಳ ಸಂದಿಯಲ್ಲಿ ಬಂದೂಕು ಹಿಡಿದ ಕಾವಲಿನವರು. ಪಕ್ಕದಲ್ಲಿ ರಿಚರ್ಡ್ ಉಸಿರು ಬಿಗಿಹಿಡಿದಿದ್ದಾನೆ, ಜೊತೆಗೆ ಫ್ರೆಂಚ್ ಜೋಡಿ ಫ್ರಾನ್ಸ್ವಾಜ್ ಮತ್ತು ಎಟಿಯೆನ್. ಎದ್ದು ಓಡುತ್ತೀರಿ. ಓಡಿ ಓಡಿ ಜಲಪಾತದ ನೆತ್ತಿಗೆ ಬಂದು ನಿಂತರೆ ಕೆಳಗಿಳಿಯಲು ದಾರಿಯೇ ಇಲ್ಲ. ಹಾರಬೇಕು.

ಡ್ಯಾನಿ ಬಾಯ್ಲ್ ನಿರ್ದೇಶಿಸಿ 2000ರಲ್ಲಿ ತೆರೆಗೆ ಬಂದ ‘ದಿ ಬೀಚ್’ ನಿಮ್ಮನ್ನು ಗೆಲ್ಲುವುದು ಈ ಹಾರಿಕೆಯಲ್ಲಿ. ಜಲಪಾತ ಇರುವುದು ಥಾಯ್ಲೆಂಡಿನ ಕಾವೊ ಯಾಯ್ ಅರಣ್ಯದಲ್ಲಿ. ಕಡಲತೀರ ದೂರದ ದಕ್ಷಿಣದ ಫಿ ಫಿ ಲೇ ದ್ವೀಪದಲ್ಲಿ. ನೋಡುವಾಗ ಈ ಹೊಲಿಗೆ ಕಾಣುವುದೇ ಇಲ್ಲ. ನೀರಿಂದ ತಲೆಯೆತ್ತಿದವರು ನೇರ ಸ್ವರ್ಗಕ್ಕೆ, ಹೊರಜಗತ್ತಿನಿಂದ ಅಡಗಿ ಬದುಕುವ ಒಂದು ಗುಂಪಿನ ತೀರಕ್ಕೆ, ನಡೆದು ಹೋಗುತ್ತೀರಿ. ರಾತ್ರಿಯ ಕಡಲಲ್ಲಿ ಕೈಯಾಡಿಸಿದರೆ ನೀರು ಮಿನುಗುತ್ತದೆ. ಡೇರಿಯಸ್ ಖೋಂಜಿಯ ಕ್ಯಾಮೆರಾ ಆ ಬೆಳಕನ್ನು ಮನದಣಿಯೆ ತೋರಿಸುತ್ತದೆ. ಆದರೆ ಕಥೆ ಸಡಿಲಗೊಳ್ಳುವುದೂ ಅಲ್ಲೇ. ಅಲೆಕ್ಸ್ ಗಾರ್ಲೆಂಡ್‌ನ 1996ರ ಮೂಲ ಕಾದಂಬರಿಯಲ್ಲಿ ಫ್ರಾನ್ಸ್ವಾಜ್ ಮೇಲಿನ ರಿಚರ್ಡ್‌ನ ಆಸೆ ಆಸೆಯಾಗಿಯೇ ಉಳಿದು ಒಳಗೊಳಗೇ ಕೊರೆಯುತ್ತದೆ. ಚಿತ್ರ ಅದನ್ನು ಮಾಮೂಲಿ ಪ್ರೇಮಪ್ರಸಂಗ ಮಾಡಿ ಮುಗಿಸುತ್ತದೆ.

ಆಮೇಲೆ ಶಾರ್ಕ್ ಬರುತ್ತದೆ.

ಮರಳಿನ ಮೇಲೆ ರಕ್ತ. ಒಬ್ಬ ಸತ್ತ. ಗುಂಪಿನ ಇನ್ನೊಬ್ಬ, ಕ್ರಿಸ್ಟೊ, ಬದುಕಿದ್ದಾನೆ, ಆದರೆ ಕಾಲು ಕೊಳೆಯುತ್ತಿದೆ. ದೋಣಿ ಹತ್ತಲು ಅವನಿಗೆ ಭಯ. ಹೊರಗಿನಿಂದ ವೈದ್ಯರನ್ನು ಕರೆಸಿದರೆ ಗುಟ್ಟು ರಟ್ಟಾಗುತ್ತದೆ ಎಂದು ಗುಂಪಿನ ನಾಯಕಿ ಸಾಲ್ ಒಪ್ಪುವುದಿಲ್ಲ. ಈ ಪಾತ್ರದಲ್ಲಿ ಟಿಲ್ಡಾ ಸ್ವಿಂಟನ್ ದನಿಯೇರಿಸದೆ ಹೆದರಿಸುತ್ತಾರೆ. ಊಟಕ್ಕೆ ಕೂತಿದ್ದೀರಿ, ನರಳಾಟ ಕೇಳುತ್ತದೆ. ಮಲಗಿದ್ದೀರಿ, ನರಳಾಟ ಕೇಳುತ್ತದೆ. ಕೊನೆಗೆ ಎಲ್ಲರೂ ಸೇರಿ ಅವನನ್ನು ಎತ್ತಿ ಕಾಡಿನೊಳಗೆ ಒಂದು ಡೇರೆಯಲ್ಲಿ ಬಿಟ್ಟು ಬರುತ್ತಾರೆ. ಸದ್ದು ನಿಂತಿತು. ನಗು ಮರಳಿತು. ಎಟಿಯೆನ್ ಒಬ್ಬನೇ ಡೇರೆಯಲ್ಲಿ ಅವನ ಪಕ್ಕ ಉಳಿಯುತ್ತಾನೆ. ಸುಖವನ್ನು ಕಾಪಾಡಿಕೊಳ್ಳಲು ಒಳ್ಳೆಯವರೇ ಏನೇನು ಮಾಡಬಲ್ಲರು ಎಂಬುದನ್ನು ಇಷ್ಟು ನಿಷ್ಠುರವಾಗಿ ತೋರಿಸಿದ ಪ್ರವಾಸಿ ಚಿತ್ರ ನನಗೆ ಇನ್ನೊಂದು ಗೊತ್ತಿಲ್ಲ.

ಇಲ್ಲಿಂದ ಮುಂದೆ ಚಿತ್ರಕ್ಕೆ ಧೈರ್ಯ ಸಾಲುವುದಿಲ್ಲ. ರಿಚರ್ಡ್ ಕಾಡಿನಲ್ಲಿ ಏಕಾಏಕಿ ಯುದ್ಧದ ಭ್ರಮೆಗೆ ಬೀಳುತ್ತಾನೆ, ತೆರೆ ವಿಡಿಯೊ ಗೇಮ್ ಆಗುತ್ತದೆ. ರಿಚರ್ಡ್ ಆಗಿ ಲಿಯೊನಾರ್ಡೊ ಡಿಕಾಪ್ರಿಯೊ ಎಷ್ಟು ಬೆವರು ಸುರಿಸಿದರೂ ಆ ಹುಚ್ಚು ನಿಮಗೆ ತಾಗುವುದಿಲ್ಲ. ಅದಕ್ಕಿಂತ ದೊಡ್ಡ ಕೊರತೆ ಥಾಯ್ ಜನರದ್ದು. ಬಂದೂಕು ಹಿಡಿದ ಬೆಳೆಗಾರ, ತಾನು ದುಡಿದು ಮನೆಗೆ ಹಣ ಕಳಿಸುವ ರೈತ ಎಂದು ಹೇಳಿಕೊಳ್ಳುವ ಒಂದೇ ಒಂದು ಗಳಿಗೆ ಇದೆ. ಅವನ ಮನೆ ಎಲ್ಲಿ, ಮಕ್ಕಳೆಷ್ಟು ಎಂದು ತಿಳಿಯುವ ಮೊದಲೇ ಕಥೆ ಬಿಳಿಯರತ್ತ ಓಡುತ್ತದೆ. ಅದು ಥಾಯ್ ಜನರದೇ ನೆಲ.

ಈಗ ಆ ನೆಲದ ಮೇಲೇ ನಿಲ್ಲಿ. ಇದು ಮಾಯಾ ಬೇ, ಚಿತ್ರದ ಆ ಕಡಲತೀರ. ಚಿತ್ರದಲ್ಲಿ ಸುತ್ತಲೂ ಬಂಡೆಗೋಡೆ. ನಿಜದಲ್ಲಿ ಒಂದು ಕಡೆ ಕಡಲಿಗೆ ತೆರೆದಿದೆ, ಆ ಬಾಗಿಲನ್ನು ಮುಚ್ಚಿದ್ದು ಕಂಪ್ಯೂಟರ್. ಮರಳುದಿಬ್ಬಗಳನ್ನು ಸಮತಟ್ಟು ಮಾಡಿ ತೆಂಗಿನ ಗಿಡ ನೆಟ್ಟದ್ದು ಚಿತ್ರತಂಡ. ಚಿತ್ರೀಕರಣದಿಂದ ಪರಿಸರಕ್ಕೆ ಹಾನಿಯಾಗಿದೆ ಎಂಬ ತೀರ್ಪನ್ನು ಥಾಯ್ಲೆಂಡಿನ ಸುಪ್ರೀಂ ಕೋರ್ಟ್ 2006ರಲ್ಲಿ ಎತ್ತಿಹಿಡಿಯಿತು. ಚಿತ್ರ ನೋಡಿ ಬಂದ ಜನರ ದೋಣಿಗಳ ಲಂಗರಿಗೆ ಹವಳ ಪುಡಿಯಾಗಿ, 2018ರ ಜೂನ್‌ನಲ್ಲಿ ತೀರವನ್ನೇ ಮುಚ್ಚಬೇಕಾಯಿತು. 2022ರ ಜನವರಿಯಲ್ಲಿ ಮತ್ತೆ ತೆರೆದಾಗ ದೋಣಿಗಳಿಗೆ ಜಾಗ ಸಿಕ್ಕಿದ್ದು ದ್ವೀಪದ ಹಿಂಬದಿಯ ಲೋ ಸಾಮಾ ಕೊಲ್ಲಿಯಲ್ಲಿ. ಅಲ್ಲಿಂದ ನಡೆದೇ ಬರಬೇಕು. ಕರಿತುದಿ ರೆಕ್ಕೆಯ ಶಾರ್ಕ್‌ಗಳು ಆಳವಿಲ್ಲದ ನೀರಿಗೆ ಮರಳಿವೆ.

‘ದಿ ಬೀಚ್’ ಪೂರ್ಣ ಗೆದ್ದ ಚಿತ್ರವಲ್ಲ. ಆದರೂ ಆ ಡೇರೆಯ ದೃಶ್ಯಕ್ಕಾಗಿ ಒಮ್ಮೆ ನೋಡಿ. ಮಾಯಾ ಬೇಗೆ ಹೋಗುವುದಾದರೆ, ಈಜಬೇಡಿ ಎಂದಲ್ಲಿ ದಯವಿಟ್ಟು ಈಜಬೇಡಿ.