ಊರಿನ ಉಕಾರ, ಗುರುವಿನ ಉಕಾರ

ನನ್ನ ತರಗತಿಯಲ್ಲಿ ಸಂಧಿಪ್ರಕರಣ ಕಲಿತವರಿಗೆಲ್ಲ ಎರಡು ಉದಾಹರಣೆಗಳು ಇಂದಿಗೂ ಬಾಯಿಪಾಠವಾಗಿರಬೇಕು. ಊರು + ಅಲ್ಲಿ = ಊರಲ್ಲಿ, ಇದು ಲೋಪಸಂಧಿ. ಗುರು + ಅನ್ನು = ಗುರುವನ್ನು, ಇದು ಆಗಮಸಂಧಿ. ಎರಡೂ ಪದಗಳ ಕೊನೆಯಲ್ಲಿರುವುದು ಉಕಾರವೇ. ಒಂದೆಡೆ ಅದು ಸದ್ದಿಲ್ಲದೆ ಹೊರಟುಹೋಗುತ್ತದೆ. ಇನ್ನೊಂದೆಡೆ ವಕಾರವನ್ನು ಜೊತೆಗೆ ಕರೆದುಕೊಂಡು ಗಟ್ಟಿಯಾಗಿ ನಿಲ್ಲುತ್ತದೆ. ಏಕೆ ಹೀಗೆ? ಪರೀಕ್ಷೆಯಲ್ಲಿ ಈ ಪ್ರಶ್ನೆ ಬರುತ್ತಿರಲಿಲ್ಲವಾದ್ದರಿಂದ ಯಾರೂ ಕೇಳುತ್ತಲೂ ಇರಲಿಲ್ಲ.

ಹಳಗನ್ನಡದಲ್ಲಿ ಆ ಪದ ‘ಊರ್’ ಎಂದಿತ್ತು. ಹಾಗೆಯೇ ಕಾಲ್, ಕಣ್. ವ್ಯಂಜನದಲ್ಲಿ ನಿಲ್ಲುತ್ತಿದ್ದ ಇಂಥ ಪದಗಳಿಗೆ ಕಾಲಾಂತರದಲ್ಲಿ ಉಚ್ಚಾರಣೆಯ ಊರುಗೋಲಾಗಿ ಒಂದು ಉಕಾರ ಬಂದು ಸೇರಿತು. ಬಸ್ಸು, ಕಾರು, ಬ್ಯಾಂಕು ಎನ್ನುವಾಗ ಇಂದಿಗೂ ನಾವು ಮಾಡುವುದು ಅದನ್ನೇ. ಹೀಗೆ ಅಂಟಿಕೊಂಡ ಸ್ವರಕ್ಕೆ ಅರ್ಥದ ಭಾರವಿಲ್ಲ. ಇನ್ನೊಂದು ಸ್ವರ ಬಂದೊಡನೆ ಜಾಗ ಬಿಟ್ಟುಕೊಡುತ್ತದೆ. ಗುರು, ಹಸು, ಮಗು ಎಂಬಲ್ಲಿನ ಉಕಾರವಾದರೋ ಆ ಪದದ ಅಂಗವೇ ಆಗಿದೆ. ತಮಿಳಿನ ಪ್ರಾಚೀನ ವ್ಯಾಕರಣವಾದ ‘ತೊಲ್ಕಾಪ್ಪಿಯಂ’ ಇಂಥದೇ ಮೊಟಕಾದ ಉಕಾರಕ್ಕೆ ‘ಕುಟ್ರಿಯಲುಗರಂ’ ಎಂಬ ಹೆಸರನ್ನಿಟ್ಟು, ಅರ್ಧ ಮಾತ್ರೆಯ ಕಾಲವನ್ನಷ್ಟೇ ಕೊಟ್ಟಿದೆ. ಸ್ವರಗಳಲ್ಲಿಯೂ ಬಲ್ಲಿದ, ಬಡವರ ಭೇದವಿದೆಯೆಂಬುದನ್ನು ನಮ್ಮ ಹಿರಿಯರು ಅರಿತಿದ್ದರು.

ಸ್ವರ ಹುಟ್ಟುವ ಬಗೆ ಸರಳವಾದುದು. ಶ್ವಾಸಕೋಶದಿಂದ ಹೊರಟ ಗಾಳಿ ಗಂಟಲಿನ ಧ್ವನಿತಂತುಗಳನ್ನು ಕಂಪಿಸುವಂತೆ ಮಾಡಿ, ಬಾಯಿಯಲ್ಲಿ ಎಲ್ಲಿಯೂ ತಡೆಯಿಲ್ಲದೆ ಹೊರಬರುತ್ತದೆ. ನಾಲಗೆಯ ಮುಂಭಾಗ ಮೇಲೇರಿದರೆ ಇಕಾರ. ಹಿಂಭಾಗ ಮೇಲೇರಿ ತುಟಿಗಳು ದುಂಡಾದರೆ ಉಕಾರ. ಬಾಯಿ ಅಗಲವಾಗಿ ತೆರೆದು ನಾಲಗೆ ಕೆಳಗಿಳಿದರೆ ಆಕಾರ. ನಾಲಗೆ ಎತ್ತಲೂ ಹೋಗದೆ ನಡುವೆ ವಿಶ್ರಮಿಸಿಕೊಂಡಿರುವಾಗ ಹೊರಡುವುದೇ ದುರ್ಬಲ ಸ್ವರ. ಇದನ್ನು ಭಾಷಾವಿಜ್ಞಾನಿಗಳು ಹೀಬ್ರೂ ವ್ಯಾಕರಣದಿಂದ ಬಂದ ‘ಶ್ವಾ’ ಎಂಬ ಹೆಸರಿನಿಂದ ಕರೆಯುತ್ತಾರೆ. ಇಂಗ್ಲಿಷಿನಲ್ಲಿ ಇದರದೇ ರಾಜ್ಯಭಾರ. ‘ಬನಾನ’ ಎಂಬ ಪದದಲ್ಲಿ ಒಂದೇ ಅಕ್ಷರವನ್ನು ಮೂರು ಸಲ ಬರೆದರೂ ಇಂಗ್ಲಿಷರು ಪೂರ್ಣವಾಗಿ ನುಡಿಯುವುದು ನಡುವಿನದನ್ನು ಮಾತ್ರ; ಅಕ್ಕಪಕ್ಕದವೆರಡೂ ಶ್ವಾ. ಕನ್ನಡದ ಕಿವಿಗಾದರೋ ಪ್ರತಿಯೊಂದು ಅಕ್ಷರಕ್ಕೂ ಅದರ ಮಾತ್ರೆ ಸಲ್ಲಲೇಬೇಕು. ನಾವು ಸ್ವರವನ್ನು ಬಿಡುವುದಿಲ್ಲವೆಂದಲ್ಲ. ‘ಮಾಡುತ್ತೇನೆ’ ಎಂಬುದು ಮಾತಿನಲ್ಲಿ ‘ಮಾಡ್ತೀನಿ’ ಆಗುತ್ತದೆ, ‘ಹುಡುಗರು’ ‘ಹುಡುಗ್ರು’ ಆಗುತ್ತಾರೆ. ಎಲ್ಲಿ ಬಿಡಬೇಕು, ಎಲ್ಲಿ ಉಳಿಸಬೇಕು ಎಂಬ ಕಟ್ಟಳೆ ಮಾತ್ರ ಭಾಷೆಯಿಂದ ಭಾಷೆಗೆ ಬೇರೆ.

ಈ ಕಟ್ಟಳೆಯನ್ನು ಮಗು ಕಲಿಯುವುದು ಅಕ್ಷರಾಭ್ಯಾಸಕ್ಕೆ ಬಹಳ ಮುಂಚೆ. ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ವಿದ್ವಾಂಸರು 1984ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಪ್ರಸಿದ್ಧವಾಗಿದೆ. ಇಂಗ್ಲಿಷ್ ಮಾತನಾಡುವ ಮನೆಗಳ 6ರಿಂದ 8 ತಿಂಗಳ ಶಿಶುಗಳು ಹಿಂದಿಯ ತಕಾರ, ಟಕಾರಗಳ ಭೇದವನ್ನು ಗುರುತಿಸಬಲ್ಲವಾಗಿದ್ದವು. 10ರಿಂದ 12 ತಿಂಗಳ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಕುಂದಿತ್ತು. ಸುತ್ತಲಿನವರ ಮಾತಿನಲ್ಲಿ ಬೇಕಾಗದ ಭೇದವನ್ನು ಕಿವಿ ತಾನಾಗಿಯೇ ಬದಿಗಿರಿಸುತ್ತದೆ. ಕಿವಿ ಯಾವುದರಲ್ಲಿ ಪಳಗಿತೋ ನಾಲಗೆಯೂ ಅದನ್ನೇ ಅನುಸರಿಸುತ್ತದೆ.

ಇಷ್ಟೆಲ್ಲ ಬರೆಯಲು ಕಾರಣವಿದೆ. ಕಳೆದ ವರ್ಷ ನಮ್ಮ ಬಂಧುಗಳ ಮದುವೆಯೊಂದಕ್ಕೆ ಅಮೆರಿಕದಿಂದ ಬಂದಿದ್ದ ಏಳು ವರ್ಷದ ಬಾಲಕನೊಬ್ಬ ಊಟದ ಪಂಕ್ತಿಯಲ್ಲಿ ‘ಹೊರಗಡೆ ಮಳೆ’ ಎಂದ. ಮೊದಲಕ್ಷರಕ್ಕೆ ಬಲವಾದ ಒತ್ತು ಬಿದ್ದು, ಉಳಿದ ಸ್ವರಗಳು ಅರ್ಧ ನುಂಗಿದಂತೆ ಕೇಳಿಸಿದವು. ಕುಳಿತವರು ನಕ್ಕರು, ಒಬ್ಬಿಬ್ಬರು ಅವನಂತೆಯೇ ನುಡಿದು ತೋರಿಸಿದರು. ಅಲ್ಲಿಂದ ಮುಂದೆ, ಇದ್ದ ಮೂರು ದಿನವೂ ಅವನು ಕನ್ನಡದಲ್ಲಿ ಬಾಯಿ ತೆರೆಯಲಿಲ್ಲ. ಅವನ ಅಜ್ಜಿಗೆ ಇಂಗ್ಲಿಷ್ ಬಾರದು. ಎರಡು ವರ್ಷ ಕಾದು ಕಂಡ ಮೊಮ್ಮಗನೊಡನೆ ಆಕೆ ಬರಿಯ ಮುಗುಳ್ನಗೆಯಲ್ಲಿ ದಿನ ಕಳೆಯಬೇಕಾಯಿತು.

ಆ ಬಾಲಕನದು ಅಸಡ್ಡೆಯೂ ಅಲ್ಲ, ಅಹಂಕಾರವೂ ಅಲ್ಲ. ಇಂಗ್ಲಿಷಿನ ಕಟ್ಟಳೆಯನ್ನು ಅವನು ಕನ್ನಡಕ್ಕೆ ಅನ್ವಯಿಸಿದ್ದನು, ಅಷ್ಟೆ. ‘ಬನಾನ’ದ ಮೂರು ಸ್ವರಗಳನ್ನೂ ತುಂಬಿ ನುಡಿಯುವ ನಾವು ಕನ್ನಡದ ಕಟ್ಟಳೆಯನ್ನು ಇಂಗ್ಲಿಷಿಗೆ ಅನ್ವಯಿಸುವಂತೆಯೇ ಇದು.

ಹೊರನಾಡುಗಳಲ್ಲಿರುವ ನನ್ನ ವಿದ್ಯಾರ್ಥಿಗಳಲ್ಲಿಯೂ, ಅವರ ಮಕ್ಕಳ ಬರವನ್ನು ಇಲ್ಲಿ ಕಾಯುವ ಹಿರಿಯರಲ್ಲಿಯೂ ನನ್ನ ಅರಿಕೆ ಇಷ್ಟೇ. ಮಗುವಿನ ಉಚ್ಚಾರಣೆಯನ್ನು ಎಲ್ಲರೆದುರು ತಿದ್ದಬೇಡಿ. ಅದು ಆಡಿದ ಮಾತನ್ನೇ ನಿಮ್ಮ ಉತ್ತರದಲ್ಲಿ ತುಂಬುಸ್ವರದಿಂದ ಸೇರಿಸಿ ಹೇಳಿ: “ಹೌದು ಪುಟ್ಟ, ಹೊರಗಡೆ ಎಷ್ಟು ಮಳೆ ನೋಡು!” ಕಿವಿ ಕೇಳಿಸಿಕೊಂಡಿರುತ್ತದೆ, ನಾಲಗೆ ನಿಧಾನವಾಗಿ ಬರುತ್ತದೆ. ದುರ್ಬಲವಾದ ಸ್ವರವನ್ನು ಮತ್ತೆ ಬಲಪಡಿಸಬಹುದು. ನಗೆಗೆ ಅಂಜಿ ನಿಂತುಹೋದ ಮಾತನ್ನು ಮತ್ತೆ ಹೊರಡಿಸುವುದು ಬಲು ಕಷ್ಟ.