ಬ್ರೇಕ್ ಆಯಿಲ್ ಎಲ್ಲಿ ಹೋಯ್ತು?

ಎರ್ಮಾಳಿನ ಮನೆಯಲ್ಲಿರುವ ನಮ್ಮ ಹಳೇ ಮಾರುತಿ 800ಕ್ಕೆ ಈ ಮಳೆಗಾಲದಲ್ಲಿ ಹೊಸ ರೋಗ. ಬ್ರೇಕ್ ಪೆಡಲ್ ಪೂರ್ತಿ ಕೆಳಗಿಳಿದ ಮೇಲೇ ಹಿಡಿಯುತ್ತಿತ್ತು.

"ಸ್ವಲ್ಪ ಆಯಿಲ್ ಹಾಕಿದ್ರೆ ಸರಿಯಾಗ್ತದೆ ಮಾರಾಯ" ಅಂದರು ಅಪ್ಪ. ದಿನಾ ಹೆದ್ದಾರಿ 66ರಲ್ಲಿ ಉಡುಪಿಗೆ ಹೋಗಿಬರುವವರು ಅವರು!

ಬರೀ ಆಯಿಲ್ ಹಾಕುವುದೆಂದರೆ ಸರ್ವರ್ ರೀಸ್ಟಾರ್ಟ್ ಮಾಡಿದ ಹಾಗೆ. ಬಗ್ ಅಲ್ಲೇ ಇರುತ್ತದೆ. ಎರಡೇ ದಿನಕ್ಕೆ ಕಮ್ಮಿಯಾಗುತ್ತದೆ ಅಂದರೆ ಎಲ್ಲೋ ಸೋರುತ್ತಿರಲೇಬೇಕು. ಬಾನೆಟ್ ಒಳಗೆ ಸೋರಿಕೆಯಿಲ್ಲ, ಮುಂದಿನ ಚಕ್ರಗಳಲ್ಲೂ ಇಲ್ಲ. ಹಿಂದಿನ ಎಡ ಟೈರಿನ ಒಳಮೈ ಮಾತ್ರ ಒದ್ದೆ. ಮುಟ್ಟಿದರೆ ಮಳೆನೀರಲ್ಲ, ಬೆರಳಿಗೆ ಜಾರುವ ಆಯಿಲ್.

ಡ್ರಮ್ ಬಿಚ್ಚಿಸಿದರೆ ವೀಲ್ ಸಿಲಿಂಡರಿಗೆ ತುಕ್ಕು, ರಬ್ಬರ್ ಸವೆದು ಬ್ರೇಕ್ ಶೂಗೆಲ್ಲ ಆಯಿಲ್. ಆಯಿಲ್ ಕುಡಿದ ಶೂ ಒರೆಸಿದರೂ ಹಿಡಿಯದು. ಎರಡೂ ಕಡೆ ಹೊಸತು ಹಾಕಿಸಿ, ಪೈಪಿನಲ್ಲಿದ್ದ ಗಾಳಿ ತೆಗೆಸಿದೆವು.

ನಿಮ್ಮಲ್ಲೂ ಹಳೇ ಕಾರಿದ್ದರೆ, ಆಯಿಲ್ ಬಾಟಲಿ ತರುವ ಮೊದಲು ಹಿಂದಿನ ಚಕ್ರವನ್ನೊಮ್ಮೆ ಬಗ್ಗಿ ನೋಡಿ ಮಾರಾಯ್ರೇ...