35 ಡಾಲರಿನ ಕೆರೆದಂಡೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಒಂದು ಮನೆ ಮಾಡಿಕೊಳ್ಳುವಷ್ಟರಲ್ಲಿ ಅರ್ಧ ಆಯುಷ್ಯ ಕಳೆದಿರುತ್ತದೆ. ಹಾಗಿರುವಾಗ ವರ್ಷಕ್ಕೆ ಹತ್ತೋ ಹದಿನೈದೋ ದಿನ ಹೋಗಿ ಕೂರುವುದಕ್ಕೆಂದೇ ದೂರದ ಕೆರೆಯ ದಂಡೆಯಲ್ಲಿ ಇನ್ನೊಂದು ಮನೆ ಕೊಳ್ಳುವುದೆಂದರೆ ಅದು ಉಳ್ಳವರ ಶೋಕಿ ಎಂದು ಯಾರಿಗೂ ಅನ್ನಿಸುತ್ತದೆ. ಬಹುಮಟ್ಟಿಗೆ ಅದು ನಿಜವೂ ಹೌದು. ಆದರೆ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಒಂದು ಪುಟ್ಟ ಕೆರೆಯ ಸುತ್ತ ಇಂಥ ಮನೆಗಳನ್ನು ಕೊಂಡವರ ಕಥೆ ಮಾತ್ರ ಬೇರೆ. ಅವರು ಕೊಂಡದ್ದು ಗಾಳಿ, ನೀರು, ನೆರಳಷ್ಟನ್ನೇ ಅಲ್ಲ. ತಮ್ಮ ಮಕ್ಕಳನ್ನು ಯಾರೂ ‘ಇಲ್ಲಿಂದ ಏಳು’ ಎನ್ನದ ಒಂದಿಷ್ಟು ಜಾಗವನ್ನು ಅವರು ಕೊಂಡರು.

ಆ ಊರಿನ ಹೆಸರು ಐಡಲ್‌ವೈಲ್ಡ್. ಮಿಷಿಗನ್ನಿನ ಲೇಕ್ ಕೌಂಟಿಯಲ್ಲಿದೆ. ಒಂದು ಕಾಲಕ್ಕೆ ಅಲ್ಲೆಲ್ಲ ಮುಗಿಲೆತ್ತರದ ಪೈನ್ ಮರಗಳಿದ್ದವು. 19ನೆಯ ಶತಮಾನ ಮುಗಿಯುವ ಹೊತ್ತಿಗೆ ನಾಟಾ ವ್ಯಾಪಾರಿಗಳು ಅವನ್ನು ಬುಡಸಮೇತ ಮುಗಿಸಿ ಹೊರಟುಹೋಗಿದ್ದರು. ಉಳಿದದ್ದು ಬೇಸಾಯಕ್ಕೆ ಒದಗದ ಮರಳುನೆಲ, ಮೋಟುಗಳು, ನಡುವೆ ತಿಳಿನೀರಿನ ಕೆರೆಗಳು. 1912ರ ಸುಮಾರಿಗೆ ಕೆಲವು ಬಿಳಿಯ ದಂಪತಿಗಳು ಇಲ್ಲಿ ನೆಲ ಹಿಡಿದು, ಅದನ್ನು ಸೈಟುಗಳಾಗಿ ವಿಂಗಡಿಸಿ ಕಪ್ಪು ಜನರಿಗೆ ಮಾರತೊಡಗಿದರು. ಅದು ಧರ್ಮಕಾರ್ಯವೇನೂ ಆಗಿರಲಿಲ್ಲ. ಶುದ್ಧ ವ್ಯಾಪಾರ. ಕೊಳ್ಳುವ ಶಕ್ತಿಯಿದ್ದೂ ಕೊಳ್ಳಲು ಜಾಗ ಸಿಗದ ಗಿರಾಕಿಗಳು ಬೇಕಾದಷ್ಟಿದ್ದಾರೆ ಎಂಬುದು ಅವರಿಗೆ ಹೊಳೆದಿತ್ತು, ಅಷ್ಟೆ.

<b>ನೀರಿನ ಮೇಲೆ ಗೆರೆ</b>

ಕೆರೆಯ ನೀರು ದೇವರು ಕೊಟ್ಟದ್ದಾದರೂ ಕೆರೆಯ ದಂಡೆ ಎಲ್ಲರದಲ್ಲ ಎಂಬ ಮಾತು ಕನ್ನಡ ಓದುಗರಿಗೆ ಹೊಸದಲ್ಲ. ಅಮೆರಿಕದಲ್ಲೂ ಹಾಗೆಯೇ ಇತ್ತು. ಷಿಕಾಗೊ ನಗರದ ಮಗ್ಗುಲಲ್ಲಿ ಸಮುದ್ರದಂಥ ಮಿಷಿಗನ್ ಸರೋವರವಿದೆ. ಅದರ ದಡದಲ್ಲಿ ಬಿಳಿಯರು ಸ್ನಾನಕ್ಕಿಳಿಯುವ ಕಡೆ ಕಪ್ಪು ಜನ ಇಳಿಯಬಾರದೆಂಬ ರೂಢಿಯಿತ್ತು. ಬೇಲಿ ಇಲ್ಲ, ಫಲಕ ಇಲ್ಲ. ಆದರೂ ಗೆರೆ ಎಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು.

1919ರ ಜುಲೈ 27, ಸುಡುಬಿಸಿಲಿನ ಭಾನುವಾರ. ಯೂಜಿನ್ ವಿಲಿಯಮ್ಸ್ ಎಂಬ 17 ವರ್ಷದ ಕಪ್ಪು ಹುಡುಗ ಗೆಳೆಯರೊಡನೆ ತೆಪ್ಪದ ಮೇಲೆ ಆಡುತ್ತಿದ್ದ. ತೆಪ್ಪ ತೇಲುತ್ತ ಆ ಕಾಣದ ಗೆರೆಯನ್ನು ದಾಟಿತು. ದಡದಿಂದ ಒಬ್ಬ ಬಿಳಿಯ ಕಲ್ಲು ಬೀರತೊಡಗಿದ. ಹುಡುಗ ನೀರಿನಲ್ಲಿ ಮುಳುಗಿ ಸತ್ತ. ಕಲ್ಲೆಸೆದವನನ್ನು ಸ್ಥಳದಲ್ಲಿದ್ದ ಪೊಲೀಸಿನವನು ಹಿಡಿಯಲಿಲ್ಲ. ಅಲ್ಲಿಂದ ಹೊತ್ತಿಕೊಂಡ ಗಲಭೆಯಲ್ಲಿ 38 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ 23 ಮಂದಿ ಕಪ್ಪು ಜನ, 15 ಮಂದಿ ಬಿಳಿಯರು. ಗಾಯಗೊಂಡವರು 500ಕ್ಕೂ ಹೆಚ್ಚು.

ಮಗನಿಗೆ ಈಜು ಬರುತ್ತದೆ, ಬೇಸಿಗೆ ಬಂದಿದೆ, ಮನೆಯ ಪಕ್ಕದಲ್ಲೇ ಸರೋವರವಿದೆ. ಆದರೂ ಕಳುಹಿಸಲು ತಾಯಿಗೆ ಧೈರ್ಯವಿಲ್ಲ. ಇಂಥ ನಗರದ ತಂದೆತಾಯಿಗಳಿಗೆ ನೂರಾರು ಮೈಲಿ ದೂರದ ಮರಳುನೆಲವೂ ಬಂಗಾರವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

<b>ಮುಂಗಡ 6, ಕಂತು 29</b>

ಐಡಲ್‌ವೈಲ್ಡ್‌ನ ಒಂದು ಸೈಟು 25 ಅಡಿ ಅಗಲ, 100 ಅಡಿ ಉದ್ದ. ಕರ್ನಾಟಕದ ನಗರಗಳ ಭಾಷೆಯಲ್ಲಿ ಹೇಳುವುದಾದರೆ ಎರಡು 30–40 ಸೈಟು ಸೇರಿಸಿದಷ್ಟು. ಬೆಲೆ 35 ಡಾಲರ್. ಮೊದಲಿಗೆ 6 ಡಾಲರ್ ಕೊಟ್ಟರೆ ಸಾಕು. ಉಳಿದದ್ದನ್ನು ಒಂದೊಂದೇ ಡಾಲರಿನ ಕಂತಿನಲ್ಲಿ ತೀರಿಸಬಹುದಿತ್ತು. ಅಂದರೆ 29 ಕಂತು. ಡೆಟ್ರಾಯಿಟ್‌ನಲ್ಲಿ ಹೆನ್ರಿ ಫೋರ್ಡ್ 1914ರಲ್ಲಿ ತನ್ನ ಕಾರ್ಖಾನೆಯಲ್ಲಿ ದಿನಕ್ಕೆ 5 ಡಾಲರ್ ಸಂಬಳ ಘೋಷಿಸಿದ್ದ. ಜಗತ್ತೇ ಬೆರಗಾದ ಆ ಸಂಬಳದ ಲೆಕ್ಕದಲ್ಲಿ 35 ಡಾಲರ್ ಎಂದರೆ 7 ದಿನದ ದುಡಿಮೆ. ಅದಕ್ಕಿಂತ ಕಡಿಮೆ ದುಡಿಯುವವರಿಗೆ ಹೆಚ್ಚು ದಿನ ಹಿಡಿದೀತು. ಆದರೂ ಕೈಗೆಟುಕದ ಮಾತೇನಲ್ಲ.

ಷಿಕಾಗೊ, ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್‌ಗಳಿಂದ ಗಿರಾಕಿಗಳು ಬಂದರು. ಕೊಂಡವರೆಲ್ಲ ಕೂಡಲೇ ಬಂಗಲೆ ಎಬ್ಬಿಸಲಿಲ್ಲ. ಆರಂಭದಲ್ಲಿ ಎದ್ದದ್ದು ಒಂದೇ ಕೋಣೆಯ ಹಲಗೆ ಗುಡಿಸಲುಗಳು. ಅವು ಎಷ್ಟು ಚಿಕ್ಕವೆಂದರೆ ಜನ ಅವನ್ನು ‘ನಾಯಿಗೂಡು’ ಎಂದೇ ತಮಾಷೆಯಿಂದ ಕರೆಯುತ್ತಿದ್ದರು. ಒಳಗೆ ಮಲಗಲು ಮಂಚ, ಹೊರಗೆ ಇಡೀ ಕೆರೆ! ಮಕ್ಕಳಿಗೆ ಇನ್ನೇನು ಬೇಕು?

ಈ 35 ಡಾಲರಿನ ಕಾಗದಕ್ಕೆ ಎಂಥ ಬೆಲೆಯಿತ್ತೆಂಬುದು ಬೇರೆ ಕಡೆಯ ಕ್ರಯಪತ್ರಗಳನ್ನು ನೋಡಿದರೆ ತಿಳಿಯುತ್ತದೆ. ಅಮೆರಿಕದ ಎಷ್ಟೋ ಬಡಾವಣೆಗಳ ಕ್ರಯಪತ್ರದಲ್ಲೇ ‘ಈ ಆಸ್ತಿಯನ್ನು ಕಪ್ಪು ಜನರಿಗೆ ಮಾರಕೂಡದು’ ಎಂಬ ಷರತ್ತು ಇರುತ್ತಿತ್ತು. ಅಂಥ ಷರತ್ತನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 1948ರಲ್ಲಿ. ಮನೆ ಮಾರಾಟದಲ್ಲಿ ವರ್ಣಭೇದ ಮಾಡುವುದನ್ನೇ ನಿಷೇಧಿಸುವ ಕಾನೂನು ಬಂದದ್ದು 1968ರಲ್ಲಿ.

<b>ಡಾಕ್ಟರ ಮನೆ, ಲೇಖಕನ ಮನೆ</b>

ಇಲ್ಲಿಗೆ ಬಂದವರಲ್ಲಿ ದೊಡ್ಡ ಹೆಸರುಗಳೂ ಇದ್ದವು. ಡಾ. ಡೇನಿಯಲ್ ಹೇಲ್ ವಿಲಿಯಮ್ಸ್ ಅವರಲ್ಲೊಬ್ಬರು. ಷಿಕಾಗೊದಲ್ಲಿ ಕಪ್ಪು ಹುಡುಗಿಯರಿಗೆ ದಾದಿಯರ ತರಬೇತಿ ಸಿಗದಿದ್ದಾಗ 1891ರಲ್ಲಿ ಅಲ್ಲಿ ಪ್ರಾವಿಡೆಂಟ್ ಆಸ್ಪತ್ರೆಯನ್ನು ಕಟ್ಟಿದವರು ಅವರು. 1893ರಲ್ಲಿ ಎದೆಗೆ ಇರಿತವಾಗಿದ್ದ ಒಬ್ಬನ ಎದೆ ತೆರೆದು, ಹೃದಯದ ಸುತ್ತಲಿನ ಪೊರೆಯನ್ನು ಹೊಲಿದು ಬದುಕಿಸಿದರು. ಹೃದಯದ ಶಸ್ತ್ರಚಿಕಿತ್ಸೆಯ ಚರಿತ್ರೆಯಲ್ಲಿ ಮೊದಮೊದಲ ಯಶಸ್ಸುಗಳಲ್ಲಿ ಅದೂ ಒಂದು. ಅಂಥ ವೈದ್ಯರು ಕೊನೆಗಾಲವನ್ನು ಐಡಲ್‌ವೈಲ್ಡ್‌ನಲ್ಲಿ ಕಳೆದು, 1931ರಲ್ಲಿ ಅಲ್ಲೇ ತೀರಿಕೊಂಡರು. ಕಾದಂಬರಿಕಾರ ಚಾರ್ಲ್ಸ್ ಚೆಸ್ನಟ್ ಬೇಸಿಗೆಗಳನ್ನು ಅಲ್ಲಿ ಕಳೆಯುತ್ತಿದ್ದರು.

ವಿದ್ವಾಂಸ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರೂ ಇಲ್ಲಿ ಸೈಟು ಕೊಂಡಿದ್ದರು. ತಮ್ಮ ಸಂಪಾದಕತ್ವದ ‘ದಿ ಕ್ರೈಸಿಸ್’ ಪತ್ರಿಕೆಯಲ್ಲಿ 1921ರಲ್ಲಿ ಈ ಊರನ್ನು ಹೊಗಳಿ ಬರೆದರು. ಈ ಡುಬಾಯ್ಸ್ ಅವರಿಗೇ 1946ರಲ್ಲಿ ಭಾರತದಿಂದ ಡಾ. ಬಿ.ಆರ್. ಅಂಬೇಡ್ಕರ್ ಪತ್ರ ಬರೆದಿದ್ದರು. ಕಪ್ಪು ಜನರ ಪರವಾಗಿ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿಯನ್ನು ಕೇಳಿದ ಪತ್ರ ಅದು. ಡುಬಾಯ್ಸ್ ಉತ್ತರವನ್ನೂ ಕೊಟ್ಟರು. 1927ರಲ್ಲಿ ಮಹಾಡದ ಚವದಾರ್ ಕೆರೆಗೆ ಸಾವಿರಾರು ಜನರೊಡನೆ ನಡೆದುಹೋಗಿ ನೀರು ಮುಟ್ಟಿದ್ದ ಅಂಬೇಡ್ಕರರಿಗೆ ಅಮೆರಿಕದ ಈ ಸಂಕಟವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

<b>ಬುತ್ತಿ ಕಟ್ಟಿಕೊಂಡ ಪಯಣ</b>

ಕೆರೆದಂಡೆಯಲ್ಲಿ ಸೈಟಿದ್ದರೂ ಅಲ್ಲಿಗೆ ಹೋಗಿ ಸೇರುವುದು ಸುಲಭವಿರಲಿಲ್ಲ. ದಾರಿಯ ಹೋಟೆಲು, ವಸತಿಗೃಹ, ಕೆಲವೊಮ್ಮೆ ಪೆಟ್ರೋಲ್ ಬಂಕಿನ ಶೌಚಾಲಯ ಕೂಡ ಕಪ್ಪು ಜನರಿಗೆ ಮುಚ್ಚಿರುತ್ತಿದ್ದವು. ಕತ್ತಲಾಗುವುದರೊಳಗೆ ಊರು ದಾಟಿ ಹೋಗಬೇಕೆಂದು ಎಚ್ಚರಿಸುವ ಊರುಗಳೂ ಇದ್ದವು. ಆದ್ದರಿಂದ ತಾಯಂದಿರು ಹಿಂದಿನ ರಾತ್ರಿಯೇ ಕೋಳಿ ಹುರಿದು ಬುತ್ತಿ ಕಟ್ಟುತ್ತಿದ್ದರು. ಎಲ್ಲಿ ನಿಲ್ಲಬಹುದು, ಎಲ್ಲಿ ಉಣ್ಣಬಹುದು ಎಂದು ತಿಳಿಸಲು ನ್ಯೂಯಾರ್ಕಿನ ಅಂಚೆ ನೌಕರ ವಿಕ್ಟರ್ ಹ್ಯೂಗೊ ಗ್ರೀನ್ 1936ರಿಂದ ‘ಗ್ರೀನ್ ಬುಕ್’ ಎಂಬ ಕೈಪಿಡಿಯನ್ನೇ ಹೊರತಂದರು. ‘ಅಪ್ಪಾ, ಆ ಹೋಟೆಲಿನಲ್ಲಿ ಯಾಕೆ ನಿಲ್ಲಿಸಲಿಲ್ಲ?’ ಎಂದು ಹಿಂದಿನ ಸೀಟಿನಿಂದ ಕೇಳುವ ಮಗುವಿಗೆ ಕಾರು ಓಡಿಸುತ್ತಿರುವ ತಂದೆ ಏನು ಹೇಳಿಯಾನು? ಊಹಿಸಿಕೊಂಡರೆ ಹೊಟ್ಟೆ ತೊಳಸುತ್ತದೆ.

ಆದರೆ ಕೆರೆ ಕಂಡ ಕೂಡಲೇ ಆ ಪ್ರಶ್ನೆ ನಿಲ್ಲುತ್ತಿತ್ತು. ಅಲ್ಲಿ ಅಂಗಡಿಯವನೂ ತಮ್ಮವನೇ, ಹೋಟೆಲಿನವಳೂ ತಮ್ಮವಳೇ. 1950ರ ದಶಕದಲ್ಲಿ ಐಡಲ್‌ವೈಲ್ಡ್ ತನ್ನ ವೈಭವದ ತುದಿ ಮುಟ್ಟಿತು. ಬೇಸಿಗೆಯ ವಾರಾಂತ್ಯಗಳಲ್ಲಿ ಸಾವಿರಾರು ಜನ ಸೇರುತ್ತಿದ್ದರು. ಪ್ಯಾರಡೈಸ್ ಕ್ಲಬ್ಬಿನಲ್ಲಿ ದೇಶದ ಹೆಸರಾಂತ ಗಾಯಕರು ಹಾಡುತ್ತಿದ್ದರು. ಡೆಲ್ಲಾ ರೀಸ್, ಜಾಕಿ ವಿಲ್ಸನ್, ‘ಫೋರ್ ಟಾಪ್ಸ್’ ತಂಡ ಎಲ್ಲರೂ ಆ ಮರಳುದಾರಿ ತುಳಿದವರೇ.

<b>ಬಾಗಿಲು ತೆರೆದಾಗ</b>

1964ರ ಜುಲೈ 2ರಂದು ಅಮೆರಿಕದಲ್ಲಿ ನಾಗರಿಕ ಹಕ್ಕುಗಳ ಕಾನೂನು ಜಾರಿಗೆ ಬಂತು. ಹೋಟೆಲು, ಚಿತ್ರಮಂದಿರ, ಉಪಾಹಾರಗೃಹಗಳಲ್ಲಿ ಬಣ್ಣ ನೋಡಿ ಬಾಗಿಲು ಹಾಕುವಂತಿಲ್ಲವೆಂದಾಯಿತು. ಅದಕ್ಕಾಗಿಯೇ ಎಷ್ಟೋ ಜನ ಏಟು ತಿಂದು, ಜೈಲು ಕಂಡು ಹೋರಾಡಿದ್ದರು. ಅದು ಗೆಲುವೇ, ಸಂಶಯವಿಲ್ಲ. ಆದರೆ ಆ ಗೆಲುವಿಗೆ ಐಡಲ್‌ವೈಲ್ಡ್ ಬೆಲೆ ತೆತ್ತಿತು. ಎಲ್ಲಿಗೆ ಬೇಕಾದರೂ ಹೋಗಬಹುದೆಂದಾದಾಗ ಜನ ಬೇರೆ ಬೇರೆ ಕಡೆಗೆ ಹೋದರು. ಹೋಗಬೇಡಿ ಎನ್ನುವುದಾದರೂ ಹೇಗೆ? ಗಾಯಕರಿಗೆ ದೊಡ್ಡ ನಗರಗಳ ದೊಡ್ಡ ವೇದಿಕೆಗಳು ಕರೆದವು. ಕ್ಲಬ್ಬುಗಳು ಮುಚ್ಚಿದವು, ಹಲಗೆ ಮನೆಗಳ ಮಾಡು ಕುಸಿಯಿತು. 1979ರಲ್ಲಿ ಆ ಪ್ರದೇಶವನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿಸಲಾಯಿತು.

ಈಗ ಅಲ್ಲಿ ಜನ ಕಡಿಮೆ, ಮೌನ ಹೆಚ್ಚು. ಆದರೂ ಅಜ್ಜ ಕಂತಿನಲ್ಲಿ ಕೊಂಡ ಮನೆಯನ್ನು ದುರಸ್ತಿ ಮಾಡಿಸಿ ಉಳಿಸಿಕೊಂಡ ಮೊಮ್ಮಕ್ಕಳಿದ್ದಾರೆ. ಲೆಕ್ಕಾಚಾರದ ಕಣ್ಣಿಗೆ ಅದು ಲಾಭದ ಆಸ್ತಿಯಲ್ಲ.

ಮಕ್ಕಳಿಗೆ ಆಸ್ತಿ ಮಾಡಬೇಕೆನ್ನುವ ತಂದೆತಾಯಿಗಳು ಎಲ್ಲ ಕಾಲದಲ್ಲೂ, ಎಲ್ಲ ದೇಶದಲ್ಲೂ ಇದ್ದಾರೆ. ಹೊಲ, ಮನೆ, ಚಿನ್ನ ಅವರವರ ಶಕ್ತಿಯಂತೆ. ಐಡಲ್‌ವೈಲ್ಡ್‌ಗೆ ಬಂದ ತಂದೆತಾಯಿಗಳು ಮಾಡಿಟ್ಟ ಆಸ್ತಿ ವರ್ಷಕ್ಕೆ ಕೆಲವೇ ದಿನಗಳ ಬೇಸಿಗೆ. ಆ ದಿನಗಳಲ್ಲಿ ಅವರ ಮಕ್ಕಳು ಯಾರ ಮುಖವನ್ನೂ ನೋಡದೆ, ಯಾವ ಗೆರೆಯನ್ನೂ ಹುಡುಕದೆ, ಮನಸ್ಸಿಗೆ ಬಂದಷ್ಟು ಹೊತ್ತು ಈಜಿದರು. ಮುಂದೆ ದೇಶದ ಉಳಿದ ಬಾಗಿಲುಗಳನ್ನು ತಟ್ಟುವ ಹೊತ್ತು ಬಂದಾಗ, ತಲೆಯೆತ್ತಿ ನಡೆಯುವುದು ಹೇಗಿರುತ್ತದೆಂದು ಆ ಮಕ್ಕಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.